ಒಳಬಿಸಿ

ಹಸಿಬೀಜ ಸುರಿದೊಡನೆ ಮುಳ್ಳು ಕುಸಿಯುತ್ತದೆ,
ಇನ್ನೂರರಲ್ಲಿದ್ದದ್ದು ತೊಂಬತ್ತಕ್ಕೆ.
ಕೆಳಗೆ ಉರಿ ಅಷ್ಟೇ ಇದೆ, ಡ್ರಮ್ಮು ಅಷ್ಟೇ ತಿರುಗುತ್ತಿದೆ,
ಆದರೂ ಬಿಸಿಯೆಲ್ಲ ಎತ್ತಲೋ ಇಳಿದುಹೋಗುತ್ತದೆ.
ಹೊಸ ಹುಡುಗರು ಹೆದರಿ ಗ್ಯಾಸು ಏರಿಸುತ್ತಾರೆ.
ನಾನು ಏರಿಸುವುದಿಲ್ಲ. ಬಾಪ್ಪ ಹೇಳುತ್ತಿದ್ದರು,
ಉಣ್ಣುವವರ ತಟ್ಟೆ ನೋಡುತ್ತ ನಿಲ್ಲಬಾರದು.

ವಿರಾಜಪೇಟೆ, ಗಡಿಯಾರ ಕಂಬದ ಹಿಂದಿನ ಓಣಿ,
ಜನವರಿಯ ಬೆಳಗು. ಹೊರಗೋಡೆಗೆ ಬೆನ್ನು ಕೊಟ್ಟು
ಮೂರು ನಾಯಿ ಮಲಗಿವೆ.
ಡ್ರಮ್ಮು ಗೋಡೆಯ ಯಾವ ಕಡೆಗಿದೆಯೆಂದು
ಅವಕ್ಕೆ ಯಾವ ಮಾಸ್ಟರೂ ಕಲಿಸಿದ್ದಲ್ಲ.

ಹತ್ತನೇ ಕ್ಲಾಸಿನಲ್ಲಿ ನಾನು ಎರಡು ಅಂಕಕ್ಕೆ ನಪಾಸು.
ಅಂತರುಷ್ಣಕ ಕ್ರಿಯೆಗೆ ಒಂದು ಉದಾಹರಣೆ ಕೊಡಿ.
ಬರೆದೆ: ಸುಟ್ಟ ಸುಣ್ಣಕ್ಕೆ ನೀರು ಹಾಕುವುದು.
ಉಮ್ಮಮ್ಮನ ಎಲೆಯಡಿಕೆಗೆ ಸುಣ್ಣ ನೆನೆಸುತ್ತಿದ್ದವಳು ನಾನೇ,
ತಣ್ಣನೆಯ ಕಲ್ಲು ಮಡಕೆಯಲ್ಲಿ ಕೊತಕೊತ ಕುದಿದದ್ದನ್ನು
ಬೆರಳು ಸುಟ್ಟುಕೊಂಡೇ ಕಲಿತವಳು.
ಅಂತರ್ ಅಂದರೆ ಒಳಗೆ. ಉಷ್ಣ ಅಂದರೆ ಬಿಸಿ.
ಬಿಸಿ ಒಳಗಿದ್ದದ್ದಕ್ಕೆ ತಾನೆ ಹೊರಗೆ ಬಂದದ್ದು?
ಎಲ್ಲಿಯದೋ ಊರಿನ ಕೆಂಪು ಮಸಿ ಒಪ್ಪಲಿಲ್ಲ.
ಅದಕ್ಕೆ ಬಹಿರುಷ್ಣಕ ಎನ್ನಬೇಕಂತೆ.

ಆಗ ಪಾಠ ಹೇಳಿದ ಉತ್ತಯ್ಯ ಮಾಸ್ಟರು
ಈಗ ಶುಕ್ರವಾರಕ್ಕೊಮ್ಮೆ ಬರುತ್ತಾರೆ, ಅರ್ಧ ಕಿಲೋ,
ಪೀಬೆರಿ ಹೆಚ್ಚು, ಚಿಕೋರಿ ಇಷ್ಟೇ ಇಷ್ಟು,
ಮನೆಯಲ್ಲಿ ಹೇಳಬೇಡ.
ಮೂವತ್ತಾರು ವರ್ಷದ ಮೇಲೆ ಕೇಳಿದೆ ನಾನು:
ಮಾಸ್ಟ್ರೇ, ಆ ಹೆಸರು ಇಟ್ಟವರು ಯಾರು?

ಮರದ ಸ್ಟೂಲಿನ ಮೇಲೆ ಕೂತರು. ಕೊಡೆ ಮಡಿಲಲ್ಲಿ.
ಫ್ರಾನ್ಸಿನವನೊಬ್ಬ ಇಟ್ಟದ್ದು, ಗ್ರೀಕರ ಮಾತು ಕಡ ತಂದು.
ಥೆರ್ಮೆ ಅಂದರೆ ಬಿಸಿ. ನಮ್ಮ ಘರ್ಮ ಇದೆಯಲ್ಲ, ಬೆವರು,
ಅದಕ್ಕೂ ಇದಕ್ಕೂ ದಾಯಾದಿ ಸಂಬಂಧ.
ಎಂಡೋನ್ ಅಂದರೆ ಒಳಗೆ. ಆ ಒಳಗನ್ನೂ ಕೆರೆದರೆ
ಅಡಿಯಲ್ಲಿ ಒಂದು ಮನೆ ಸಿಗುತ್ತದೆ.
ಮನೆಯೊಳಗೆ, ಅಂತಲೇ ಮೊದಲು ಅದರ ಅರ್ಥ.

ಬಿಸಿಯಿರುವ ಮನೆಯೋ, ಬಿಸಿ ಬಂದ ಮನೆಯೋ?

ಮಾಸ್ಟರು ಕನ್ನಡಕ ತೆಗೆದು ಪಂಚೆಯಂಚಿಗೆ ಒರೆಸಿದರು.
ಬಂದದ್ದು, ಅಂತ ಪುಸ್ತಕ ಹೇಳುತ್ತದೆ.
ಹೆಸರು ಹೇಳುವುದಿಲ್ಲ.
ಆಮೇಲೆ ತುಂಬ ಹೊತ್ತು ಡ್ರಮ್ಮಿನ ಸದ್ದೇ.

ಅಷ್ಟರಲ್ಲಿ ಬೀಜ ಹಸಿರು ಕಳೆದು ಹುಲ್ಲಿನ ಬಣ್ಣ,
ಹುಲ್ಲಿನಿಂದ ಬೆಲ್ಲದ ಬಣ್ಣ.
ಒಂದು ಹಬೆ, ಒದ್ದೆ ಗೋಣಿಚೀಲದ ವಾಸನೆ.
ಹತ್ತು ನಿಮಿಷ ಕೊಟ್ಟದ್ದನ್ನೆಲ್ಲ ತಿಂದು
ಮಾತಿಲ್ಲದೆ ಹೊರಳಿದ ಬೀಜ
ಹನ್ನೊಂದರಲ್ಲಿ ಚಟ್ಟೆಂದಿತು.
ಒಂದು. ಮತ್ತೆರಡು. ಮತ್ತೆ ಲೆಕ್ಕಕ್ಕೆ ಸಿಗದಷ್ಟು,
ಸಾಲುಮನೆಯ ಹೆಂಗಸರೆಲ್ಲ ಕೆಲಸ ಬಿಟ್ಟ ಹೊತ್ತಿಗೆ
ಒಟ್ಟಿಗೆ ನೆಟಿಕೆ ಮುರಿದ ಹಾಗೆ.
ನಾನು ಗ್ಯಾಸು ಅರ್ಧಕ್ಕಿಳಿಸಿದೆ.

ಯಾಕೆ ಇಳಿಸಿದೆ? ಮಾಸ್ಟರು ಕೇಳಿದರು,
ಗೊತ್ತಿದ್ದೂ ಕೇಳುವ ಅದೇ ಹಳೆಯ ದನಿ.
ಇನ್ನು ಅದರದ್ದೇ ಬಿಸಿ, ಮಾಸ್ಟ್ರೇ. ಇಲ್ಲಿತನಕ ತಗೊಂಡಿತು,
ಇನ್ನು ಕೊಡುತ್ತದೆ. ಈಗ ಉರಿ ಬಿಟ್ಟರೆ ತನ್ನನ್ನೇ ಸುಟ್ಟುಕೊಳ್ಳುತ್ತದೆ.
ಇಲ್ಲಿತನಕದ್ದಕ್ಕೆ ಏನೆನ್ನುತ್ತಾರೆ, ನಫೀಸಾ?
ಹೇಳಿದೆ. ನಾಲಗೆ ತೊಡರಲಿಲ್ಲ.

ಜೇಬಿನಿಂದ ಕೆಂಪು ಪೆನ್ನು ತೆಗೆದು,
(ನಿವೃತ್ತಿಯಾದರೂ ಅದೇಕೆ ಜೇಬಿನಲ್ಲಿ?)
ಕಂದು ಪೊಟ್ಟಣದ ಮೇಲೆ ಎರಡು ಎಂದು ಬರೆದು
ಅಡಿಗೆರೆ ಎಳೆದು ಸಹಿ ಹಾಕಿದರು.
ಪೊಟ್ಟಣ ಅವರದ್ದೇ. ಅವರೇ ಒಯ್ದರು.
ಚಿಕೋರಿಯ ದುಡ್ಡು ನಾನು ಬಿಡಲಿಲ್ಲ.

ಟ್ರೇಯಲ್ಲಿ ಬೀಜ ಆರುತ್ತಿದೆ, ಫ್ಯಾನು ಸಾಲದು.
ಅಂಗೈ ಹಿಡಿದೆ, ಮುಟ್ಟದೆ, ಒಂದು ಗೇಣು ಮೇಲೆ.
ಓಣಿಯಲ್ಲಿ ನಾಯಿಯೊಂದು ಮಗ್ಗುಲು ಬದಲಿಸಿತು.
ಮುಂದಿನ ಚೀಲ ಬಿಚ್ಚಬೇಕು,
ಮುಳ್ಳು ಮತ್ತೆ ಕುಸಿಯಬೇಕು.